ಹದಿನೆಂಟು ತುಂಬಿದ ರೋಗಿಯನ್ನು ಯಾರಿಗೆ ಒಪ್ಪಿಸಿದಿರಿ?

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಚಿಕ್ಕಂದಿನಿಂದ ದೀರ್ಘಕಾಲದ ಕಾಯಿಲೆ ಇರುವವರನ್ನು ಮಕ್ಕಳ ಆಸ್ಪತ್ರೆಯಿಂದ ದೊಡ್ಡವರ ಆಸ್ಪತ್ರೆಗೆ ಕ್ರಮವಾಗಿ ಒಪ್ಪಿಸುವ ವ್ಯವಸ್ಥೆ ಮಾಡಿಕೊಡುವಂತೆ ಕೋರಿಕೆ.

ಮಾನ್ಯರೇ,

ಬೆಂಗಳೂರು ಉತ್ತರದ ಶೆಟ್ಟಿಹಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್ ನಾನು. ಜಾಲಹಳ್ಳಿ ಪಶ್ಚಿಮ, ಅಬ್ಬಿಗೆರೆ, ಮಲ್ಲಸಂದ್ರ, ಚಿಕ್ಕಬಾಣಾವರದ ಕಡೆಯವರೆಲ್ಲ ನನ್ನ ಗಿರಾಕಿಗಳು. ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಮನೆಗಳೇ ಹೆಚ್ಚು. ಇಬ್ಬರು ಸಚಿವರಿಗೆ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಹೇಳಹೊರಟಿರುವ ಕುಂದು ನಿಮ್ಮಿಬ್ಬರ ಇಲಾಖೆಗಳ ನಡುವಿನ ಸಂದಿಯಲ್ಲಿದೆ. ಒಬ್ಬರಿಗೆ ಬರೆದರೆ ಅದು ಇನ್ನೊಬ್ಬರ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ.

ಕುಂದು ಇಷ್ಟು. ಟೈಪ್ 1 ಮಧುಮೇಹ, ಮೂರ್ಛೆ ರೋಗ, ಹುಟ್ಟಿನಿಂದ ಬಂದ ಹೃದಯದ ತೊಂದರೆ, ಕಿಡ್ನಿ ಕಾಯಿಲೆ, ಥಲಸ್ಸೀಮಿಯ, ಹಿಮೋಫಿಲಿಯ ಇರುವ ಮಕ್ಕಳನ್ನು ನಮ್ಮ ಮಕ್ಕಳ ಆಸ್ಪತ್ರೆಗಳು ವರ್ಷಗಟ್ಟಲೆ ಕಾಪಾಡುತ್ತವೆ. ವಯಸ್ಸಿನ ಮಿತಿ ದಾಟಿದ ದಿನ ‘ಇನ್ನು ಇಲ್ಲಿ ನೋಡಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಕಳಿಸಿಬಿಡುತ್ತಾರೆ. ಯಾವ ದೊಡ್ಡಾಸ್ಪತ್ರೆ, ಯಾವ ವಿಭಾಗ, ಯಾವ ವಾರ, ಯಾವ ಡಾಕ್ಟರು, ಕಡತ ಯಾರ ಕೈಗೆ, ಇದಕ್ಕೆಲ್ಲ ಉತ್ತರವಿಲ್ಲ. ಕಳಿಸಿದ ಮೇಲೆ ಆ ಹುಡುಗ ಅಲ್ಲಿ ಸೇರಿದನೋ ಇಲ್ಲವೋ ಎಂದು ವಿಚಾರಿಸುವ ಹೊಣೆಯೂ ಯಾರದಲ್ಲ.

ಇದು ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಆಸ್ಪತ್ರೆಯ ಲೆಕ್ಕದಿಂದ ಜಾರಿದವರು ಕೊನೆಗೆ ಬಂದು ನಿಲ್ಲುವುದು ನಮ್ಮಂಥವರ ಕೌಂಟರಿನ ಮುಂದೆ. ಮಡಚಿ ಮಡಚಿ ನಾಲ್ಕು ತುಂಡಾಗುವಂತಿರುವ ಚೀಟಿ, ಮೇಲೆ ಮಕ್ಕಳ ಆಸ್ಪತ್ರೆಯೊಂದರ ಮೊಹರು. ವಯಸ್ಸು 15, ತೂಕ 38 ಕೆ.ಜಿ. ಎಂದು ಬರೆದಿರುತ್ತದೆ. ಚೀಟಿ ಹಿಡಿದವನು ಮೀಸೆ ಬಂದ ಹುಡುಗ, ಕತ್ತಿನಲ್ಲಿ ಕಾರ್ಖಾನೆಯ ಗುರುತಿನ ಚೀಟಿ. ಮೂರ್ಛೆಗೆ ಅವನು ಈಗಲೂ ಸಿರಪ್ ಕೇಳುತ್ತಾನೆ. ಚಿಕ್ಕವನಿದ್ದಾಗ ಮಾತ್ರೆ ನುಂಗಲು ಬರುತ್ತಿರಲಿಲ್ಲ ಎಂದು ಬರೆದ ಸಿರಪ್ ಅದು. ತೂಕ ನೋಡಿ ಇಷ್ಟು ಎಂ.ಎಲ್. ಎಂದು ಗೊತ್ತುಮಾಡಿದ್ದು. ಮೈ ಬೆಳೆದಿದೆ, ಪ್ರಮಾಣ ಅಲ್ಲೇ ನಿಂತಿದೆ. ‘ಹೊಸ ಚೀಟಿ ತಗೊಂಬಾಪ್ಪ’ ಎಂದರೆ, ‘ಅಂಕಲ್, ಅಲ್ಲಿ ಇನ್ನು ಬರಬೇಡ ಅಂದ್ರು. ಬೇರೆ ಕಡೆ ಹೋದ್ರೆ ಮೊದಲಿಂದ ಎಲ್ಲಾ ಟೆಸ್ಟ್ ಮಾಡಿಸು ಅಂತಾರೆ. ಒಂದು ದಿನದ ಸಂಬಳ ಹೋಗತ್ತೆ’ ಎನ್ನುತ್ತಾನೆ. ಷೆಡ್ಯೂಲ್ ಎಚ್ ಔಷಧಿಯನ್ನು ಸರಿಯಾದ ಚೀಟಿ ಇಲ್ಲದೆ ಕೊಡುವಂತಿಲ್ಲ ಎನ್ನುವುದು ಕಾನೂನು. ಮೂರ್ಛೆಯ ಔಷಧಿಯನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು ಎನ್ನುವುದು ಔಷಧಶಾಸ್ತ್ರ. ಆ ಹುಡುಗ ಮೆಷಿನ್ ಮುಂದೆ ನಿಂತು ಕೆಲಸ ಮಾಡುವವನು. ಡಾಕ್ಟರು ತೀರ್ಮಾನಿಸಬೇಕಾದ ವಿಷಯ ಹೀಗೆ ಅಂಗಡಿಯವನ ತಲೆಗೆ ಬಂದು ಕೂತಿದೆ.

ಈ ಪತ್ರ ಮಕ್ಕಳ ವೈದ್ಯರ ಮೇಲಿನ ದೂರಲ್ಲ. ಅವರು ಗೆದ್ದಿರುವುದರಿಂದಲೇ ಈ ಸಮಸ್ಯೆ ಹುಟ್ಟಿದೆ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಟೈಪ್ 1 ಮಧುಮೇಹ ಬಂದ ಮಗು ಬೆಳೆದು ದೊಡ್ಡದಾಗುವ ಮಾತೇ ಇರಲಿಲ್ಲ. ಹೃದಯದ ದೋಷದೊಂದಿಗೆ ಹುಟ್ಟಿದ ಎಷ್ಟೋ ಮಕ್ಕಳ ಕಥೆಯೂ ಹಾಗೆಯೇ ಇತ್ತು. ಇವತ್ತು ಶ್ರೀಮಂತ ದೇಶಗಳಲ್ಲಿ ಅಂಥ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಪ್ರಾಯಕ್ಕೆ ಬರುತ್ತಾರೆ. ನಮ್ಮಲ್ಲೂ 1935ರಿಂದ ಇರುವ ವಾಣಿ ವಿಲಾಸ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಜಯದೇವ ಹೃದ್ರೋಗ ಸಂಸ್ಥೆ ಬಡವರ ಮಕ್ಕಳನ್ನು ಉಳಿಸಿ ಬೆಳೆಸಿವೆ. ಬೆಳೆದ ಮಕ್ಕಳು ಮುಂದೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ನಿಮ್ಮದೇ ಕಾರ್ಯಕ್ರಮಗಳ ವಯಸ್ಸಿನ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ತಂಡ ಬಂದು ತಪಾಸಣೆ ಮಾಡಿ, ತೊಂದರೆ ಕಂಡರೆ ಮೇಲಿನ ಆಸ್ಪತ್ರೆಗೆ ಕಳಿಸುತ್ತದೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19ರವರೆಗೆ. ನಮ್ಮ ರಾಜ್ಯದ ಸ್ನೇಹ ಕ್ಲಿನಿಕ್‌ಗಳು ಅದರವು. ಆಮೇಲೆ ಬರುವುದು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ. ಬಿ.ಪಿ., ಶುಗರ್ ಎಂದು ಹುಡುಕಿಕೊಂಡು ಬರುವ ಆ ತಪಾಸಣೆ 30 ತುಂಬಿದವರಿಗೆ. ಹತ್ತೊಂಬತ್ತಕ್ಕೂ ಮೂವತ್ತಕ್ಕೂ ನಡುವಿನ ಹತ್ತು ವರ್ಷ ಯಾರ ಪಟ್ಟಿಯಲ್ಲೂ ಇಲ್ಲ. ಆ ವಯಸ್ಸಿನವರೆಲ್ಲ ಗಟ್ಟಿಮುಟ್ಟಾಗಿರುತ್ತಾರೆ ಎಂದುಕೊಂಡು ಎಳೆದ ಗೆರೆಗಳಿವು. ಐದನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುತ್ತಿರುವವಳಿಗೆ ಈ ಹತ್ತು ವರ್ಷವೇ ಎಲ್ಲಕ್ಕಿಂತ ಕಷ್ಟದ ಕಾಲ.

ಆಸ್ಪತ್ರೆಗಳ ಗೆರೆಗಳಂತೂ ಒಂದೊಂದು ಕಡೆ ಒಂದೊಂದು. ಒಂದು ಕಡೆ 14, ಇನ್ನೊಂದು ಕಡೆ 16, ಮತ್ತೊಂದು ಕಡೆ 18. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಕಾರ 18ರೊಳಗಿನವರೆಲ್ಲ ಮಕ್ಕಳೇ. ಹದಿನೈದರ ಹುಡುಗನನ್ನು ದೊಡ್ಡವರ ವಾರ್ಡಿಗೆ ಕಳಿಸುವಾಗ ಈ ಮಾತು ಯಾರಿಗೂ ನೆನಪಾಗುವುದಿಲ್ಲ. ಇದಕ್ಕೆ ಇಲಾಖೆಗಳ ಗೋಡೆಯೂ ಸೇರುತ್ತದೆ. ವಾಣಿ ವಿಲಾಸ, ಇಂದಿರಾ ಗಾಂಧಿ ಸಂಸ್ಥೆ, ಜಯದೇವ ವೈದ್ಯಕೀಯ ಶಿಕ್ಷಣದ ಕಡೆಗೆ. ನಮಗೆ ಹತ್ತಿರದ ಮಲ್ಲೇಶ್ವರದ ಕೆ.ಸಿ. ಜನರಲ್ ಆರೋಗ್ಯ ಇಲಾಖೆಗೆ. ವಾರ್ಡಿನ ‘ನಮ್ಮ ಕ್ಲಿನಿಕ್’ ಪಾಲಿಕೆಗೆ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆಗಳು ಬಂದವು. ಗೋಡೆಗಳು ಇನ್ನೂ ಹೆಚ್ಚಾದವು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ, ನಿಮ್ಹಾನ್ಸ್ ಕೇಂದ್ರದವು. ರೋಗಿಯೊಬ್ಬನೇ ಈ ಎಲ್ಲ ಗೋಡೆಗಳನ್ನು ಹತ್ತಿಳಿಯಬೇಕು.

ಗೋಡೆ ಹತ್ತಿಳಿದವನಿಗೂ ಆಚೆ ಕಾಣುವುದು ಬೇರೆಯೇ ಪ್ರಪಂಚ. ಮಕ್ಕಳ ಒಪಿಡಿಯಲ್ಲಿ ಮಾತಾಡುತ್ತಿದ್ದವಳು ತಾಯಿ. ಎಷ್ಟು ಯೂನಿಟ್, ಯಾವಾಗ ಜ್ವರ ಬಂತು, ಯಾವ ಮಾತ್ರೆ ಒಗ್ಗಲಿಲ್ಲ, ಎಲ್ಲ ಅವಳ ಬಾಯಲ್ಲಿ. ಡಾಕ್ಟರಿಗೆ ಮಗುವಿನ ಹೆಸರು, ಶಾಲೆ, ಜಾತ್ರೆಯಲ್ಲಿ ಏನು ತಿಂದು ಶುಗರ್ ಏರಿತು ಎನ್ನುವುದೂ ಗೊತ್ತು. ದೊಡ್ಡವರ ಒಪಿಡಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ ಹುಡುಗನನ್ನೇ ‘ಏನು ಕಾಯಿಲೆ?’ ಎಂದು ಕೇಳುತ್ತಾರೆ. ಹತ್ತು ವರ್ಷ ಔಷಧಿ ತೆಗೆದುಕೊಂಡವನಿಗೂ ತನ್ನ ಕಾಯಿಲೆಯ ಹೆಸರು ನೆಟ್ಟಗೆ ಹೇಳಲು ಬರುವುದಿಲ್ಲ. ಅವನಿಗೆ ಅದನ್ನು ಕಲಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಸುತ್ತ ಕೂತವರು ಐವತ್ತು ಅರವತ್ತರ ಹಿರಿಯರು. ಸಕ್ಕರೆ ಕಾಯಿಲೆ ಎಂದರೆ ಅಲ್ಲಿ ವಾಕಿಂಗ್ ಮಾಡು, ಅನ್ನ ಕಡಿಮೆ ಮಾಡು, ಮಾತ್ರೆ ತಗೋ. ಟೈಪ್ 1 ಇರುವವನ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಸೂಜಿ ಬಿಟ್ಟರೆ ಒಂದೆರಡು ದಿನದಲ್ಲಿ ರಕ್ತದಲ್ಲಿ ಆಮ್ಲ ಹೆಚ್ಚಿ ಐಸಿಯು ಸೇರಬೇಕಾಗುತ್ತದೆ. ‘ಇಷ್ಟು ಚಿಕ್ಕ ವಯಸ್ಸಿಗೇ ಇನ್ಸುಲಿನ್ನಾ? ಬಿಟ್ಟು ನಾಟಿ ಔಷಧಿ ಮಾಡು’ ಎಂದು ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಕಾಳಜಿಯಿಂದಲೇ ಹೇಳಿಬಿಡುತ್ತಾರೆ. ಹೇಗೂ ಸೂಜಿಯಿಂದ ಬೇಸತ್ತ ಹುಡುಗನ ಕಿವಿಗೆ ಆ ಮಾತು ಹಿತವಾಗಿಯೇ ಕೇಳುತ್ತದೆ.

ನನ್ನ ಕಸುಬಿನ ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್‌ನಲ್ಲಿ ಸಾಮಾನ್ಯವಾಗಿ ಒಂದು ಎಂ.ಎಲ್.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್. ಸಿರಿಂಜು ಅದಕ್ಕೆ ತಕ್ಕಂತಿರಬೇಕು: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಮಕ್ಕಳ ಆಸ್ಪತ್ರೆಯಲ್ಲಿ ಬಾಟಲಿಯಲ್ಲಿದ್ದವನನ್ನು ಹೊಸ ಆಸ್ಪತ್ರೆ ಪೆನ್ನಿಗೆ ಬದಲಿಸುತ್ತದೆ. ಪೆನ್ನು ಕೆಟ್ಟ ದಿನ ಮನೆಯಲ್ಲಿ ಉಳಿದ ಹಳೆಯ ಕೆಂಪು ಸಿರಿಂಜಿನಲ್ಲಿ ಕಾರ್ಟ್ರಿಜ್‌ನಿಂದಲೇ ಎಳೆದುಕೊಂಡರೆ ಎರಡೂವರೆ ಪಟ್ಟು ಇನ್ಸುಲಿನ್ ಮೈಗೆ ಹೋಗುತ್ತದೆ. ರಾತ್ರಿ ಮಲಗಿದವನು ಶುಗರ್ ಇಳಿದು ಎಚ್ಚರ ತಪ್ಪುತ್ತಾನೆ. ಹಳೆಯ ಡಾಕ್ಟರು ಹೊಸ ಡಾಕ್ಟರಿಗೆ ಒಂದು ಪುಟ ಬರೆದು, ಇಬ್ಬರಲ್ಲಿ ಒಬ್ಬರು ಆ ಹುಡುಗನನ್ನು ಕೂರಿಸಿಕೊಂಡು ಹತ್ತು ನಿಮಿಷ ತೋರಿಸಿಕೊಟ್ಟಿದ್ದರೆ ತಪ್ಪುವ ಅಪಾಯವಿದು.

ಹುಡುಗಿಯರ ಕಷ್ಟ ಇನ್ನೊಂದು ಬಗೆ. ಮೂರ್ಛೆಗೆ ಕೊಡುವ ಸೋಡಿಯಂ ವಾಲ್ಪ್ರೋಯೇಟ್ ಒಳ್ಳೆಯ ಔಷಧಿ. ಆದರೆ ಗರ್ಭಿಣಿ ತೆಗೆದುಕೊಂಡರೆ ಹೊಟ್ಟೆಯ ಮಗುವಿಗೆ ಅಂಗದೋಷ, ಬುದ್ಧಿ ಬೆಳವಣಿಗೆಯ ತೊಂದರೆ ಆಗುವ ಅಪಾಯ ದೊಡ್ಡದು. ಹೃದಯದಲ್ಲಿ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುವ ವಾರ್ಫರಿನ್ ಕೂಡ ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ಕೆಡುಕು. ಎರಡರಲ್ಲಿ ಯಾವುದನ್ನು ತಾವಾಗಿ ನಿಲ್ಲಿಸಿದರೂ ತಾಯಿಯ ಜೀವಕ್ಕೇ ಅಪಾಯ. ಮದುವೆಗೆ ಮೊದಲೇ ತಿಳಿದವರು ಕೂತು ಯೋಚಿಸಿ ಬದಲಿಸಬೇಕು. ಎಂಟನೇ ವಯಸ್ಸಿನಲ್ಲಿ ಬರೆದ ಔಷಧಿಯನ್ನು ಇಪ್ಪತ್ತರಲ್ಲಿ ಮತ್ತೆ ನೋಡುವವರು ಯಾರು? ಮನೆಯಲ್ಲಿ ‘ಮದುವೆ ಆದ್ರೆ ಎಲ್ಲಾ ಸರಿಹೋಗತ್ತೆ’ ಎನ್ನುತ್ತಾರೆ, ಗಂಡಿನ ಕಡೆಯವರಿಗೆ ಗೊತ್ತಾಗಬಾರದೆಂದು ಚೀಟಿಗಳನ್ನು ಬಚ್ಚಿಡುತ್ತಾರೆ. ಮದುವೆಯಾಗಿ ತುಮಕೂರಿಗೋ ಹಾಸನಕ್ಕೋ ಹೋದವಳ ಕಡತ ಬೆಂಗಳೂರಿನಲ್ಲೇ ಉಳಿಯುತ್ತದೆ. ಮಗಳ ಔಷಧಿಯನ್ನು ಬೇರೆ ಡಬ್ಬಿಗೆ ಹಾಕಿಕೊಡಿ ಅಣ್ಣಾ, ಮೇಲಿನ ಹೆಸರು ಕಾಣಬಾರದು ಎಂದು ಕೇಳಿಕೊಂಡು ಬರುವ ತಾಯಂದಿರಿಗೆ ನಾನು ಹೇಳುವ ಬುದ್ಧಿಮಾತು ಎಷ್ಟರ ಮಟ್ಟಿಗೆ ನಾಟೀತು? ಅದನ್ನು ಡಾಕ್ಟರು ಹೇಳಬೇಕು. ಹುಡುಗಿಯ ಎದುರಿಗೇ, ಹದಿನೆಂಟಕ್ಕೆ ಮೊದಲೇ ಹೇಳಬೇಕು.

ಸಂಧಿವಾತ ಜ್ವರದಿಂದ ಹೃದಯ ಕೆಟ್ಟ ಮಕ್ಕಳನ್ನೂ ಮರೆಯಬೇಡಿ. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಅವರಿಗೆ. ಕಾಯಿಲೆಯ ತೀವ್ರತೆ ನೋಡಿ ಕೆಲವರಿಗೆ ಇಪ್ಪತ್ತು ದಾಟುವವರೆಗೆ, ಕೆಲವರಿಗೆ ನಲವತ್ತರವರೆಗೆ ಬೇಕು. ಸೂಜಿಗೆ ಹೆಚ್ಚು ದುಡ್ಡಿಲ್ಲ, ಆದರೆ ನೋವು ಜಾಸ್ತಿ. ಕಾಲೇಜು ಸೇರಿ ಪಿ.ಜಿ.ಗೆ ಹೋದ ಹುಡುಗ ಮೊದಲು ಬಿಡುವುದು ಅದನ್ನೇ. ಥಲಸ್ಸೀಮಿಯ ಇರುವವರಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ. ಮಕ್ಕಳ ವಿಭಾಗದಲ್ಲಿ ಬೆಳಗ್ಗೆ ಹೋಗಿ ಸಂಜೆ ಬರುವ ಏರ್ಪಾಟಿತ್ತು. ದೊಡ್ಡವರ ಕಡೆ ಪ್ರತಿ ಸಲವೂ ವಾರ್ಡಿಗೆ ಸೇರಬೇಕೆಂದರೆ ತಿಂಗಳಿಗೆ ಎರಡು ಸಲ ರಜ ಕೊಡುವ ಧಣಿ ಯಾವ ಕಾರ್ಖಾನೆಯಲ್ಲಿದ್ದಾನೆ?

ಹಣದ ವಿಷಯಕ್ಕೆ ಬಂದರೆ, 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಒಳ್ಳೆಯ ಯೋಜನೆ, ನಮ್ಮ ಬೀದಿಯ ಹಲವು ಮನೆಗಳನ್ನು ಸಾಲದಿಂದ ಉಳಿಸಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ದಿನವೂ ಶುಗರ್ ನೋಡಿಕೊಳ್ಳುವ ಸ್ಟ್ರಿಪ್ಪಿಗೆ, ಸೂಜಿಗೆ ಅದರಲ್ಲಿ ದಾರಿಯಿಲ್ಲ. ಒಂದು ಸ್ಟ್ರಿಪ್ಪಿಗೆ ಹದಿನೈದು ಇಪ್ಪತ್ತು ರೂಪಾಯಿ. ಮಕ್ಕಳ ಆಸ್ಪತ್ರೆಯಲ್ಲಿ ದಾನಿಗಳಿಂದಲೋ ಸಂಸ್ಥೆಗಳಿಂದಲೋ ಅಷ್ಟಿಷ್ಟು ಸಿಗುತ್ತಿದ್ದದ್ದು ವಯಸ್ಸು ದಾಟಿದ ತಿಂಗಳೇ ನಿಲ್ಲುತ್ತದೆ. ಸ್ಟ್ರಿಪ್ ಕೊಳ್ಳಲಾಗದೆ ಅಂದಾಜಿನಲ್ಲಿ ಸೂಜಿ ಹಾಕಿಕೊಂಡವನು ಐಸಿಯು ಸೇರಿದ ಮೇಲೆ ಸರ್ಕಾರ ಸಾವಿರಗಟ್ಟಲೆ ಖರ್ಚು ಮಾಡುತ್ತದೆ. ಇಎಸ್‌ಐ ಇರುವ ಮನೆಗಳಲ್ಲೂ ಮಗ ಓದುತ್ತಿದ್ದರೆ 21ರವರೆಗೆ ಮಾತ್ರ ಅಪ್ಪನ ಕಾರ್ಡಿನಲ್ಲಿ ಚಿಕಿತ್ಸೆ. ದುಡಿಯಲಾಗದಷ್ಟು ಅಶಕ್ತನಾಗಿ ಅಪ್ಪನನ್ನೇ ನೆಚ್ಚಿಕೊಂಡಿದ್ದರೆ ಮುಂದುವರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಹೇಳುವವರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯ, ಥಲಸ್ಸೀಮಿಯ, ಕುಡಗೋಲು ಕಣ ರೋಗ ಸೇರಿವೆ. ಯುಡಿಐಡಿ ಕಾರ್ಡ್ ಮಾಡಿಸಬಹುದು. ಮಕ್ಕಳ ಆಸ್ಪತ್ರೆಯಿಂದ ಹೊರಡುವ ದಿನ ಇದನ್ನು ತಿಳಿಸಿಕೊಡುವುದು ಯಾರ ಕರ್ತವ್ಯದ ಪಟ್ಟಿಯಲ್ಲಿದೆ ಎಂದು ದಯವಿಟ್ಟು ಹುಡುಕಿ ಹೇಳಿ.

ಒಪ್ಪಿಸುವ ರೀತಿಯಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎನ್ನುವುದಕ್ಕೆ ಲೆಕ್ಕವೂ ಇದೆ. ಕಸಿ ಮಾಡಿದ ಕಿಡ್ನಿ ಹದಿನೇಳರಿಂದ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ವಿಫಲವಾಗುವುದು ಹೆಚ್ಚು ಎಂದು ವೈದ್ಯಲೋಕ ಬಹಳ ದಿನದಿಂದ ಬಲ್ಲದು. ಮಾತ್ರೆ ತಪ್ಪಿಸುವುದು ಅದಕ್ಕೊಂದು ದೊಡ್ಡ ಕಾರಣ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ವೈದ್ಯರು 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮ್ಮ ಅನುಭವ ಬರೆದರು. ನೇರವಾಗಿ ದೊಡ್ಡವರ ಆಸ್ಪತ್ರೆಗೆ ಕಳಿಸಿದ 9 ಹುಡುಗರಲ್ಲಿ 6 ಮಂದಿ ಕಸಿ ಕಿಡ್ನಿ ಕಳೆದುಕೊಂಡಿದ್ದರು. ಆಮೇಲೆ ಮಕ್ಕಳ ವೈದ್ಯರೂ ದೊಡ್ಡವರ ವೈದ್ಯರೂ ಸೇರಿ ನೋಡುವ ಕ್ಲಿನಿಕ್ ಮಾಡಿ, ಹುಡುಗರನ್ನು ಅದರ ಮೂಲಕ ದಾಟಿಸಿದರು. ಹಾಗೆ ದಾಟಿದ 12 ಮಂದಿಯಲ್ಲಿ ಒಬ್ಬರ ಕಿಡ್ನಿಯೂ ಹೋಗಲಿಲ್ಲ. ಸಂಖ್ಯೆ ಚಿಕ್ಕದು, ನಿಜ. ಆದರೆ ಎಷ್ಟೋ ಕಸಿ ಕಿಡ್ನಿಗಳ ಹಿಂದೆ ಒಬ್ಬ ತಾಯಿಯೋ ತಂದೆಯೋ ಹೊಟ್ಟೆ ಕೊಯ್ಯಿಸಿಕೊಂಡಿರುತ್ತಾರೆ.

ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಇದೇ ವಿಷಯಕ್ಕೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿರುವುದು ಸಾಮಾನ್ಯ ತಿಳಿವಳಿಕೆಯ ಮಾತುಗಳೇ. ಹದಿಮೂರು ಹದಿನಾಲ್ಕರಿಂದಲೇ ತಯಾರಿ ಶುರುಮಾಡಿ. ಪ್ರತಿಯೊಬ್ಬರಿಗೂ ಹೆಸರಿಟ್ಟು ಹೇಳಬಹುದಾದ ಒಬ್ಬ ಹೊಣೆಗಾರ ಇರಲಿ. ದಾಟುವ ಮೊದಲೇ ಹೊಸ ವೈದ್ಯರ ಮುಖಪರಿಚಯವಾಗಲಿ. ದಾಟಿದ ಮೇಲೆ ಮೊದಲ ಎರಡು ಭೇಟಿಯಲ್ಲಿ ಒಬ್ಬರೇ ನೋಡಲಿ. ಬರದೇ ಹೋದರೆ ಹುಡುಕಿ. ಇದರಲ್ಲಿ ದುಬಾರಿ ಯಂತ್ರ ಯಾವುದೂ ಇಲ್ಲ.

ಪರದೇಶಕ್ಕೇ ಹೋಗಬೇಕಿಲ್ಲ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯ ಸೊಸೈಟಿಯನ್ನು ನೋಡಿ. ಸ್ವತಃ ಹಿಮೋಫಿಲಿಯ ಇರುವ ಡಾ. ಸುರೇಶ್ ಹನಗವಾಡಿಯವರು ಕಟ್ಟಿ ಬೆಳೆಸಿದ ಸಂಸ್ಥೆ ಅದು. ಕಾಯಿಲೆಯೊಂದಿಗೆ ಬೆಳೆದು ವೈದ್ಯರಾದವರು ಎದುರಿಗೆ ಕೂತಿರುವಾಗ, ನಾನೂ ದೊಡ್ಡವನಾಗಿ ಬದುಕಬಹುದು ಎನ್ನುವುದನ್ನು ಹುಡುಗನಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ. ಜಯದೇವ, ನಿಮ್ಹಾನ್ಸ್‌ನಂಥ ಕಡೆ ಮಕ್ಕಳೂ ದೊಡ್ಡವರೂ ಒಂದೇ ಸೂರಿನಡಿ ಇರುವುದೂ ಒಂದು ಅನುಕೂಲ. ಸೂರು ಬೇರೆಯಾದ ಕಡೆ ಸೇತುವೆ ಬೇಕು ಎನ್ನುವುದಷ್ಟೇ ನನ್ನ ಅರಿಕೆ.

ಏಳನೇ ತರಗತಿ ಮುಗಿಸಿದ ಮಗು ಬೇರೆ ಶಾಲೆಗೆ ಹೋಗುವಾಗ ಈ ಸರ್ಕಾರ ಎಷ್ಟು ಎಚ್ಚರ ವಹಿಸುತ್ತದೆ! ಟಿ.ಸಿ. ಕೊಟ್ಟು ಕಳಿಸುತ್ತಾರೆ, ಸ್ಯಾಟ್ಸ್ ಸಂಖ್ಯೆ ಮಗುವಿನ ಹಿಂದೆಯೇ ಹೋಗುತ್ತದೆ, ಹೊಸ ಶಾಲೆಯಲ್ಲಿ ದಾಖಲಾಗದಿದ್ದರೆ ಮೇಷ್ಟ್ರು ಮನೆಗೆ ಬಂದು ಕೇಳುತ್ತಾರೆ. ಜೀವಮಾನದ ಕಾಯಿಲೆ ಹೊತ್ತ ಮಗು ಆಸ್ಪತ್ರೆ ಬದಲಿಸುವಾಗ ಅಷ್ಟಾದರೂ ಮಾಡಬಾರದೆ?

ಆದ್ದರಿಂದ ನಮ್ಮ ಬೇಡಿಕೆಗಳು:

1. ಎರಡೂ ಇಲಾಖೆಗಳು ಸೇರಿ ಒಂದು ಜಂಟಿ ಆದೇಶ ಹೊರಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ದೀರ್ಘಕಾಲದ ರೋಗಿಗಳ ಮಟ್ಟಿಗೆ ಮಕ್ಕಳ ವಿಭಾಗದ ವಯಸ್ಸಿನ ಮಿತಿ ಎಲ್ಲ ಕಡೆ 18 ಎಂದು ಇರಬೇಕು. ಪಿಯುಸಿ ಪರೀಕ್ಷೆಯ ನಡುವೆ ಹದಿನೆಂಟು ತುಂಬಿದರೆ, ಕಾಯಿಲೆ ಹತೋಟಿ ತಪ್ಪಿದ್ದರೆ ಕೆಲವು ತಿಂಗಳು ಮುಂದೂಡುವ ಅಧಿಕಾರ ವೈದ್ಯರಿಗಿರಬೇಕು.

2. ದೊಡ್ಡವರ ಆಸ್ಪತ್ರೆಯ ಮೊದಲ ಭೇಟಿಯ ದಿನ, ವಿಭಾಗ, ವೈದ್ಯರು ಗೊತ್ತಾಗದೆ ಮಕ್ಕಳ ಆಸ್ಪತ್ರೆ ಕಡತ ಮುಚ್ಚಬಾರದು. ಆ ಕಡೆಯವರು ‘ಸೇರಿಸಿಕೊಂಡಿದ್ದೇವೆ’ ಎಂದು ತಿಳಿಸುವವರೆಗೆ ಈ ಕಡೆಯವರ ಹೊಣೆ ಮುಗಿಯಬಾರದು.

3. ಹೊರಡುವಾಗ ಒಂದು ಪುಟದ ಸಾರಾಂಶ ಕೊಡಬೇಕು: ಕಾಯಿಲೆಯ ಹೆಸರು, ಈಗಿನ ಔಷಧಿ ಮತ್ತು ಪ್ರಮಾಣ, ಒಗ್ಗದ ಔಷಧಿ, ಆದ ಶಸ್ತ್ರಚಿಕಿತ್ಸೆ, ತುರ್ತಿನಲ್ಲಿ ಏನು ಮಾಡಬೇಕು. ವೈದ್ಯರಿಗೆ ಇಂಗ್ಲಿಷಿನಲ್ಲಿ, ಮನೆಯವರಿಗೆ ಕನ್ನಡದಲ್ಲಿ. ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಇದ್ದವರ ದಾಖಲೆಯಲ್ಲೂ ಅದು ಸೇರಬೇಕು. ಮೊಬೈಲ್ ಕಳೆದರೂ ಕಾಗದ ಉಳಿಯುತ್ತದೆ, ಕಾಗದ ಹರಿದರೂ ದಾಖಲೆ ಉಳಿಯುತ್ತದೆ.

4. ತಿಂಗಳಿಗೆ ಒಂದು ದಿನ ಜಂಟಿ ಕ್ಲಿನಿಕ್ ನಡೆಸಬೇಕು. ಮೊದಲು ಸುಲಭದ ಕಡೆ ಶುರುಮಾಡಿ. ವಾಣಿ ವಿಲಾಸ, ವಿಕ್ಟೋರಿಯಾ, ನೆಫ್ರೋ-ಯೂರಾಲಜಿ ಸಂಸ್ಥೆ ಅಕ್ಕಪಕ್ಕದಲ್ಲೇ ಇವೆ. ನಮ್ಮ ಕಡೆಯವರು ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಅಲ್ಲಿ ಸರಿಹೋದದ್ದನ್ನು ಜಿಲ್ಲಾಸ್ಪತ್ರೆಗಳಿಗೆ ಒಯ್ಯಿರಿ. ಬಳ್ಳಾರಿ, ಬೀದರಿನ ಹುಡುಗ ಇದಕ್ಕಾಗಿ ಬೆಂಗಳೂರಿಗೆ ಬರುವಂತಾಗಬಾರದು.

5. ಪ್ರತಿ ಮಕ್ಕಳ ಆಸ್ಪತ್ರೆಯಲ್ಲೂ ಒಬ್ಬ ನರ್ಸ್ ಅಥವಾ ಆಪ್ತಸಮಾಲೋಚಕರಿಗೆ ಇದೇ ಕೆಲಸ ವಹಿಸಬೇಕು. ಹದಿನಾಲ್ಕರಿಂದಲೇ ಮಕ್ಕಳಿಗೆ ತಮ್ಮ ಕಾಯಿಲೆ, ಔಷಧಿ, ಯೋಜನೆ, ಕಾರ್ಡುಗಳ ವಿಷಯ ಕಲಿಸಬೇಕು. ಹೆಣ್ಣುಮಕ್ಕಳ ಔಷಧಿಯನ್ನು ಸ್ತ್ರೀರೋಗ ತಜ್ಞರ ಜೊತೆ ಕೂತು ಮರುಪರಿಶೀಲಿಸಬೇಕು.

6. ಟೈಪ್ 1 ಮಧುಮೇಹಕ್ಕೆ ಐಸಿಎಂಆರ್ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಆಧರಿಸಿ ಇನ್ಸುಲಿನ್, ಸಿರಿಂಜು, ಸ್ಟ್ರಿಪ್ಪುಗಳನ್ನು ವಯಸ್ಸಿನ ತಡೆಯಿಲ್ಲದೆ ನಮ್ಮ ಕ್ಲಿನಿಕ್‌ಗಳಲ್ಲಿ ಕೊಡಬೇಕು. ಪೆನಿಸಿಲಿನ್ ಸೂಜಿಯನ್ನೂ ಅಲ್ಲೇ ಹಾಕುವಂತಾಗಬೇಕು. ವೈದ್ಯರು, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರುವ ಕ್ಲಿನಿಕ್ ಮನೆಯ ಹತ್ತಿರವೇ ಇರುವಾಗ ಇಪ್ಪತ್ತು ಕಿಲೋಮೀಟರ್ ಅಲೆಸುವುದು ಏಕೆ?

7. ಈ ಒಪ್ಪಿಸುವಿಕೆಯನ್ನು ಸಕಾಲ ಸೇವೆಗಳ ಪಟ್ಟಿಗೆ ಸೇರಿಸಬೇಕು. ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ ಎಂದು 2011ರ ಕಾಯ್ದೆ ಗಡುವು ಹಾಕಬಲ್ಲದಾದರೆ, ರೋಗಿಯ ಕಡತಕ್ಕೂ ಹಾಕಬಹುದು. ವರ್ಷಕ್ಕೊಮ್ಮೆ ಎಷ್ಟು ಮಂದಿಯನ್ನು ಕಳಿಸಿದಿರಿ, ಆ ಕಡೆ ಎಷ್ಟು ಮಂದಿ ಸೇರಿದರು ಎನ್ನುವ ಎರಡು ಸಂಖ್ಯೆಗಳನ್ನು ಪ್ರಕಟಿಸಬೇಕು. ಅವೆರಡರ ನಡುವಿನ ಅಂತರವೇ ನಿಮ್ಮ ಕೆಲಸದ ಅಳತೆ.

ಇದಕ್ಕೆ ಬರಬಹುದಾದ ಉತ್ತರ ನನಗೆ ಗೊತ್ತು: ವೈದ್ಯರ ಕೊರತೆ, ಅನುದಾನದ ಕೊರತೆ, ಒಪಿಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮೂರೂ ನಿಜವೇ. ಮಕ್ಕಳ ಆಸ್ಪತ್ರೆಗೆ ಹೊಸ ಮಕ್ಕಳು ಬರುತ್ತಲೇ ಇರುವಾಗ ದೊಡ್ಡವರಾದವರು ಜಾಗ ಬಿಡಲೇಬೇಕು ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಮೇಲಿನ ಏಳರಲ್ಲಿ ಆರನೆಯದನ್ನು ಬಿಟ್ಟರೆ ಹೆಚ್ಚು ದುಡ್ಡು ಕೇಳುವುದು ಯಾವುದೂ ಇಲ್ಲ. ಒಂದು ಹಾಳೆ, ಒಂದು ದೂರವಾಣಿ ಕರೆ, ತಿಂಗಳಲ್ಲಿ ಒಂದು ದಿನ, ಇವಕ್ಕೆ ಬೇಕಾಗಿರುವುದು ಆದೇಶ. ಆರನೆಯದಕ್ಕೆ ಬೇಕಾದ ಹಣವನ್ನು ಐಸಿಯುವಿನ ಬಿಲ್ಲುಗಳಲ್ಲಿ ಹುಡುಕಿದರೆ ಸಿಗುತ್ತದೆ.

ನಮ್ಮ ಕಡೆಯಿಂದಲೂ ಆಗುವುದಿದೆ. ಔಷಧಿ ಅಂಗಡಿಯವರಿಗೆ ಅಧಿಕೃತ ಸೂಚನೆ ಕೊಟ್ಟರೆ, ಹಳೆಯ ಮಕ್ಕಳ ಚೀಟಿ ಹಿಡಿದು ಬರುವ ಪ್ರತಿ ಹುಡುಗ ಹುಡುಗಿಯನ್ನು ಎಲ್ಲಿಗೆ ಹೋಗಬೇಕೆಂದು ಕೈಗೆ ಬರೆದುಕೊಟ್ಟು ಕಳಿಸುತ್ತೇವೆ. ಈಗ ಬರೆದುಕೊಡಲು ವಿಳಾಸವೇ ಇಲ್ಲ.

‘ತಮ್ಮ ಪತ್ರವನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ’ ಎಂಬ ಉತ್ತರ ದಯವಿಟ್ಟು ಬೇಡ; ಸಂಬಂಧಪಟ್ಟವರು ಯಾರು ಎನ್ನುವುದೇ ಇಲ್ಲಿ ಪ್ರಶ್ನೆ. ಈ ಕೆಲಸಕ್ಕೆ ಹೊಣೆಯಾದ ಒಬ್ಬ ಅಧಿಕಾರಿಯ ಹುದ್ದೆ, ಕಚೇರಿ, ದೂರವಾಣಿ ಸಂಖ್ಯೆ ತಿಳಿಸಿ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅಂಗಡಿಯ ಗಾಜಿನ ಮೇಲೆ ಅಂಟಿಸುತ್ತೇನೆ. ಶೆಟ್ಟಿಹಳ್ಳಿಯ ಉಳಿದ ಅಂಗಡಿಗಳವರಿಗೂ ಅಂಟಿಸಲು ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧಿ ವ್ಯಾಪಾರಿ,
ಶೆಟ್ಟಿಹಳ್ಳಿ, ಬೆಂಗಳೂರು